ಕುಂಟಾಲನ ಜಾಗ

ಕುಂಟಾಲ ತೀರಿಕೊಂಡ ಸುದ್ದಿ ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ, ಶೇಖರನ ಕೈಯಲ್ಲಿ ಗಂಜಿಯ ಬಟ್ಟಲಿದ್ದಾಗ. ಲಾಯಿಲದ ಪದ್ಮಯ್ಯನವರ ಮನೆಯಿಂದ ಫೋನು ಬಂದಿತ್ತು. ಎರಡು ಮಾತು ಕೇಳಿದ ಶೇಖರ ಬಟ್ಟಲನ್ನು ಕೆಳಗಿಟ್ಟ, ಕನ್ನಡಕ ತೆಗೆದ, ಒರೆಸದೆ ಮತ್ತೆ ಹಾಕಿಕೊಂಡ.

“ಕುಸುಮಾ, ಕುಂಟಾಲ ಹೋಗಿಬಿಟ್ಟ.”

“ಅಯ್ಯೋ ದೇವರೇ! ಯಾವಾಗ?” ಹೆಂಡತಿ ಕುಸುಮ ಒಳಗಿನಿಂದ ಓಡಿ ಬಂದಳು.

“ಬೆಳಗಿನ ಜಾವ. ಹೊಟ್ಟೆ ಉಬ್ಬರ ಅಂತೆ. ಡಾಕ್ಟ್ರು ಬರುವಾಗ ಕಣ್ಣು ಮುಚ್ಚಿ ಆಗಿತ್ತು.”

“ಗಂಜಿ?”

“ಗಂಟಲಲ್ಲಿ ಇಳಿಯುವುದಿಲ್ಲ ಮಾರಾಯ್ತಿ.”

ಕುಸುಮ ಬಟ್ಟಲನ್ನು ನೋಡಿದಳು, ಗಂಡನನ್ನು ನೋಡಿದಳು. “ನಿಮ್ಮ ಸ್ವಂತ ಭಾವ ತೀರಿಹೋದ ದಿನ ಎರಡನೇ ಸಲ ಬಡಿಸಿಕೊಂಡು ಉಂಡಿದ್ದಿರಿ,” ಎಂದು ಒಳಗೆ ಹೋದಳು. ಆದರೆ ಹೋಗುವಾಗ ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕುಂಟಾಲ ಕಂಬಳದ ಕೋಣ. ಕುಂಟಾಲವೆಂದರೆ ತುಳುವಿನಲ್ಲಿ ನೇರಳೆಯಂಥ ಕಾಡುಹಣ್ಣು; ಆ ಬಣ್ಣದವನಾದ್ದರಿಂದ ಆ ಹೆಸರು. ಹನ್ನೊಂದು ವರ್ಷ ಕೆಸರಿನ ಕರೆಯಲ್ಲಿ, ಅಂದರೆ ಓಟದ ಗದ್ದೆಯಲ್ಲಿ, ಓಡಿದ. ನೊಗದ ಬಲಗಡೆ ಕುಂಟಾಲ, ಎಡಗಡೆ ಬೊಳ್ಳು. ಈ ಜೋಡಿ ಇಳಿಯಿತೆಂದರೆ ಐಸ್‌ಕ್ರೀಮು ಮಾರುವವರೂ ಗಾಡಿ ಬಿಟ್ಟು ಬಂದು ನೋಡುತ್ತಿದ್ದರು. ಜೋಡಿಯ ಯಜಮಾನರು ಪದ್ಮಯ್ಯನವರು. ಅಭಿಮಾನಿ ಬಳಗದ ಅಧ್ಯಕ್ಷ ಶೇಖರ. ಬಳಗ ಇರುವುದು ವಾಟ್ಸಾಪಿನಲ್ಲಿ. ಇನ್ನೂರ ಹದಿನಾಲ್ಕು ಮಂದಿ ಸದಸ್ಯರು, ಅವರಲ್ಲಿ ಅರ್ಧ ಮಂದಿ ದುಬಾಯಿ, ದೋಹಾದಲ್ಲಿ ಕುಳಿತು ಕಂಬಳ ನೋಡುವವರು. ಕೋಣಗಳನ್ನು ‘ಅದು’ ಎಂದು ಬರೆದವರನ್ನು ಬಳಗದಿಂದ ತೆಗೆದುಹಾಕುವ ನಿಯಮ ಉಂಟು. ಶೇಖರ ಹಾಗೆ ಮೂವರನ್ನು ತೆಗೆದಿದ್ದ. ಅವರಲ್ಲಿ ಒಬ್ಬ ಅವನ ಅಳಿಯ.

ಶೇಖರ ಮೂವತ್ತನಾಲ್ಕು ವರ್ಷ ಅಂಚೆ ಹಂಚಿ ನಿವೃತ್ತನಾದವನು. ಒಂದು ಕಾಗದವನ್ನೂ ತಪ್ಪು ಮನೆಗೆ ಕೊಡಲಿಲ್ಲ ಎಂಬುದು ಅವನ ಮೊದಲ ಹೆಮ್ಮೆ. ಯಾವ ಕೋಣವನ್ನೇ ಆಗಲಿ, ಮುಖ ನೋಡದೆ ಬೆನ್ನು ನೋಡಿಯೇ ಹೆಸರು ಹೇಳಬಲ್ಲೆ ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ಕುಸುಮಳಿಗೆ ಸ್ವಲ್ಪ ಬೇರೆ ನೆನಪುಗಳಿದ್ದವು. ಎರಡನೆಯದನ್ನು ಆ ದಿನದವರೆಗೆ ಯಾರೂ ಪರೀಕ್ಷಿಸಿರಲಿಲ್ಲ.

ಮಧ್ಯಾಹ್ನ ಗದ್ದೆಯ ಅಂಚಿನಲ್ಲಿ ಕುಂಟಾಲನನ್ನು ಮಣ್ಣು ಮಾಡಿದರು. ಮೇಲೆ ಜರಿ ಶಾಲು ಹೊದೆಸಿದರು, ಗೆದ್ದ ಪದಕಗಳನ್ನು ಒಂದು ಗಳಿಗೆ ಎದೆಯ ಮೇಲಿಟ್ಟು ತೆಗೆದರು. ಪದ್ಮಯ್ಯನವರು ಎಪ್ಪತ್ತೆಂಟು ವರ್ಷದ ಮುದುಕರು, ಮಾತು ಕಡಿಮೆ. ಎಲ್ಲ ಮುಗಿದ ಮೇಲೆ ಕೈಕಾಲು ತೊಳೆದು ಬಂದು ಹೇಳಿದರು.

“ಬೊಳ್ಳು ಬೆಳಗ್ಗಿನಿಂದ ಬಾಯಿಗೆ ಹುಲ್ಲು ಹಾಕ್ಲಿಲ್ಲ. ಮೂಡುಬಿದಿರೆ ಕಂಬಳಕ್ಕೆ ಹನ್ನೊಂದು ದಿನ ಉಂಟು. ಅಷ್ಟರಲ್ಲಿ ಅವನಿಗೆ ಒಂದು ಜೊತೆ ಆಗದಿದ್ರೆ ಜೊತೆ ಇರುವ ಕಡೆಗೆ ಅವನನ್ನು ಕಳಿಸಿಬಿಡ್ತೇನೆ. ಒಂಟಿಯಾಗಿ ನಿಂತದ್ದನ್ನು ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ.”

ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಬೊಳ್ಳುವಿನ ಮೈ ತೊಳೆಯುವುದನ್ನು ನೋಡಲು ಲಾಯಿಲಕ್ಕೆ ಹೋಗುವುದೇ ಶೇಖರನ ಉದ್ಯೋಗ. ಬೊಳ್ಳು ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು?

ಸತ್ತವನ ಮೇಲೆ ಹಾಕಿದ ಮಣ್ಣು ಒಣಗುವ ಮೊದಲೇ ಬಳಗದಲ್ಲಿ ಚರ್ಚೆ ಶುರುವಾಯಿತು. ಶುರು ಮಾಡಿದವನು ಆಟೋ ಓಡಿಸುವ ಲತೇಶ್. ಬಂಟ್ವಾಳದ ಹಾಜಬ್ಬನವರ ಬಳಿ ಟರ್ಬೊ ಎಂಬ ಕೋಣ ಉಂಟು, ಅವನ ಜೊತೆಗಾರನಿಗೆ ಗೊರಸಿನ ಗಾಯವಾಗಿ ಟರ್ಬೊ ಸುಮ್ಮನೆ ನಿಂತಿದ್ದಾನೆ, ನಮ್ಮ ಪದ್ಮಯ್ಯಣ್ಣನ ಮರಿಕೋಣ ಮೋಡನನ್ನು ಅವರಿಗೆ ಕೊಟ್ಟು ಟರ್ಬೊನನ್ನು ತರುವ, ಹಾಜಬ್ಬಾಕನಿಗೆ ಮೋಡನ ಮೇಲೆ ಮೊದಲಿನಿಂದ ಕಣ್ಣು ಉಂಟು, ಎಂದು ಬರೆದ. ಜೊತೆಗೆ ಟರ್ಬೊನ ಫೋಟೋ ಹಾಕಿದ.

ಗುರುವಾಯನಕೆರೆಯಲ್ಲಿ ಹಣ್ಣಿನಂಗಡಿ ಇಟ್ಟ ಹನೀಫಾ ಕೂಡಲೇ ಧ್ವನಿ ಸಂದೇಶ ಕಳಿಸಿದ. “ಲತೇಶಾ, ನಿನಗೆ ತಲೆ ಸರಿ ಉಂಟಾ? ಮೋಡ ಇನ್ನು ಎರಡು ವರ್ಷದಲ್ಲಿ ಊರನ್ನೇ ನಡುಗಿಸುವವ. ಅವನನ್ನು ಕೊಟ್ಟು ಆ ಹುಚ್ಚನನ್ನು ತರುವುದಾ? ಕಳೆದ ವರ್ಷ ಅರ್ಧ ಕರೆ ಓಡಿ, ಬದಿಗೆ ಹಾರಿ, ಚರುಮುರಿ ಅಂಗಡಿಗೆ ನುಗ್ಗಿದ್ದು ಮರ್ತು ಹೋಯ್ತಾ?”

“ಚರುಮುರಿ ಅಂಗಡಿಗೆ ಎಷ್ಟು ಸೆಕೆಂಡಲ್ಲಿ ಹೋದ, ಅದನ್ನು ಹೇಳು!” ಎಂದ ಲತೇಶ್. “ಆ ವೇಗ ಯಾರಿಗೆ ಉಂಟು?”

ಸಂಜೆಯೊಳಗೆ ಮುನ್ನೂರು ಸಂದೇಶಗಳಾದವು. ಕೊಂಬಿನ ಅಂತರ, ಬಾಲದ ಉದ್ದ, ತಾಯಿಯ ಕಡೆಯ ವಂಶ, ಜಾತಕ, ಎಲ್ಲ ಬಂತು. ಅಧ್ಯಕ್ಷ ಶೇಖರ ಲತೇಶ್ ಬರೆದಾಗ “ಸರಿಯಾದ ಮಾತು” ಎಂದೂ, ಹನೀಫಾ ಬರೆದಾಗ “ಇದು ಕೂಡ ಆಲೋಚಿಸಬೇಕಾದ್ದೇ” ಎಂದೂ ಬರೆದ. ಯಾರೋ ಊಟ ಆಯಿತೇ ಎಂದು ಕೇಳಿದ್ದಕ್ಕೂ “ಸರಿಯಾದ ಮಾತು” ಎಂದ.

ನಡುವೆ ಅವನಿಗೆ ಇನ್ನೊಂದು ಜವಾಬ್ದಾರಿ ಇತ್ತು. ಹದಿಮೂರನೆಯ ದಿನ ಪದ್ಮಯ್ಯನವರ ಮನೆಯಲ್ಲಿ ಕುಂಟಾಲನ ಬೊಜ್ಜ, ಎಂದರೆ ಉತ್ತರಕ್ರಿಯೆ. ಮನುಷ್ಯರಿಗೆ ಮಾಡುವಂತೆಯೇ ಎಲೆ ಹಾಕಿ ಊಟ. ಅದನ್ನು ತಿಳಿಸುವ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಗುರುವಾಯನಕೆರೆಯ ಕೂಡುರಸ್ತೆಯಲ್ಲಿ ಕಟ್ಟಬೇಕು. ಅವನು ಫ್ಲೆಕ್ಸ್ ಅಂಗಡಿಗೆ ಹೋದ. ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ದೀಕ್ಷಿತಾ ಫೋಟೋ ಕೇಳಿದಳು.

ಶೇಖರನ ಮೊಬೈಲಿನಲ್ಲಿ ನಾಲ್ಕು ಸಾವಿರ ಕೋಣಗಳಿದ್ದವು. ಕಣ್ಣು ಮಂಜಾಗಿತ್ತು. ಎಲ್ಲಕ್ಕಿಂತ ಮೇಲೆ ಇದ್ದ ಕರಿಯ, ಗಂಭೀರ ಮುಖ ಅವನ ಕರುಳನ್ನು ಹಿಂಡಿತು.

“ಇದೇ ಹಾಕು ಮಗಾ.”

ದೀಕ್ಷಿತಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. “ಮಾಮ, ಇವನ ಎಡಕಿವಿ ಹರಿದಿದೆ. ಕುಂಟಾಲನ ಕಿವಿ ಹೀಗೆ ಇತ್ತಾ?”

“ನೋಡು ಮಗಾ, ನೀನು ಹುಟ್ಟುವ ಮೊದಲಿನಿಂದ ನಾನು ಕೋಣ ನೋಡುತ್ತಾ ಇದ್ದೇನೆ. ಕೊನೆಗಾಲದಲ್ಲಿ ಕಿವಿ ಸ್ವಲ್ಪ ಹಾಗೆ ಆಗ್ತದೆ.”

ದೀಕ್ಷಿತಾ ಎರಡು ದೀಪ, ಒಂದು ಹೂಮಾಲೆ, ಹಿಂದೆ ಸ್ವರ್ಗದ ಮೋಡಗಳನ್ನು ಹಾಕಿ ಕೊಟ್ಟಳು. ಕುಂಟಾಲ ಎಂಬ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಬಳಗದ ಅಧ್ಯಕ್ಷರ ಹೆಸರು ಅದಕ್ಕಿಂತ ಸ್ವಲ್ಪ ದೊಡ್ಡದಾಗಿತ್ತು.

ಬುಧವಾರ ಬೆಳಿಗ್ಗೆ ಫ್ಲೆಕ್ಸ್ ಕೂಡುರಸ್ತೆಯಲ್ಲಿ ಎದ್ದಿತು. ಮಂಗಳೂರಿಗೆ, ಮೂಡುಬಿದಿರೆಗೆ ಹೋಗುವ ಬಸ್ಸುಗಳೆಲ್ಲ ಅದರ ಕೆಳಗೆ ನಿಂತು ಹೋಗಬೇಕು. ಕಿಟಕಿಯಿಂದ ನೋಡಿದವರಿಗೆ ಕೆಳಗಿನ ಅಕ್ಷರ ಕಾಣಲಿಲ್ಲ. ಹರಿದ ಎಡಕಿವಿ ಮಾತ್ರ ಚೆನ್ನಾಗಿ ಕಂಡಿತು. ಆ ಕಿವಿ ಕಂಬಳ ನೋಡುವವರಿಗೆಲ್ಲ ಗೊತ್ತಿರುವ ಕಿವಿ.

ಹತ್ತು ಗಂಟೆಗೆ ಬಂಟ್ವಾಳದಲ್ಲಿ ಹಾಜಬ್ಬನವರ ಫೋನು ರಿಂಗಾಗತೊಡಗಿತು.

“ಹಾಜಬ್ಬಾಕ, ಸುದ್ದಿ ಕೇಳಿ ಕೈಕಾಲು ಬಿದ್ದು ಹೋಯ್ತು.”

“ಯಾವ ಸುದ್ದಿ?”

“ಟರ್ಬೊ…”

ಹಾಜಬ್ಬನವರು ಗಾಬರಿಯಾಗಿ ಕೊಟ್ಟಿಗೆಗೆ ಓಡಿದರು. ಟರ್ಬೊ ಹುರುಳಿ ತಿನ್ನುತ್ತಿದ್ದ. “ಇಲ್ಲ ಮಾರಾಯ, ಇಲ್ಲೇ ನನ್ನ ಎದುರು ತಿನ್ನುತ್ತಾ ಇದ್ದಾನೆ!”

ಆ ಕಡೆಯಿಂದ ಮೆಲ್ಲಗೆ, “ಮನೆಯಲ್ಲಿ ಬೇರೆ ಯಾರಾದ್ರೂ ಇದ್ದಾರಾ? ಅವರಿಗೆ ಕೊಡಿ ಫೋನು. ನೀವು ಸ್ವಲ್ಪ ಮಲಗಿ.”

ಮಧ್ಯಾಹ್ನದವರೆಗೆ ನಲವತ್ತೆರಡು ಮಂದಿ ಸಮಾಧಾನ ಹೇಳಿದರು. ಕೋಣ ಬದುಕಿದ್ದಾನೆ ಎಂದಷ್ಟೂ ಅವರ ದನಿ ಇನ್ನಷ್ಟು ಮೃದುವಾಗುತ್ತಿತ್ತು. ಮೂವರು ಮನೆಗೇ ಬಂದು, ಕೊಟ್ಟಿಗೆಯಲ್ಲಿ ಟರ್ಬೊನನ್ನು ಕಂಡು, ಇದು ಅವನ ತಮ್ಮನಿರಬೇಕು ಎಂದು ಮಾತಾಡಿಕೊಂಡು ಹೋದರು. ಹಾಜಬ್ಬನವರ ಮಡದಿ ಖದೀಜ ಬಂದವರಿಗೆಲ್ಲ ಚಹಾ ಕೊಟ್ಟು ಕೊಟ್ಟು ಸುಸ್ತಾಗಿ, “ಸತ್ತಿದ್ರೂ ಇಷ್ಟು ಜನ ಬರುತ್ತಿರಲಿಲ್ಲ,” ಎಂದಳು.

ಸಂಜೆ ಮೂಡುಬಿದಿರೆಯಿಂದ ಫೋನು. ಓಡುವ ಕೋಣಗಳ ಹೆಸರು ಬರೆದುಕೊಳ್ಳುವ ಮಾಸ್ತರರು ಬಹಳ ಶಿಸ್ತಿನವರು. ಗೌರವದಿಂದ ಟರ್ಬೊನ ಹೆಸರಿಗೆ ಕೆಂಪು ಗೀಟು ಎಳೆದು, ಹಿಂದೆ ‘ದಿವಂಗತ’ ಎಂದು ಸೇರಿಸಿದ್ದರು.

“ಮಾಸ್ತರ್ರೇ, ಅವ ಜೀವಂತ ಇದ್ದಾನೆ!”

“ಇರಬಹುದು ಸಾಹೇಬ್ರೇ. ನಾನು ಕೂಡ ಜೀವಂತ ಇದ್ದೇನೆ. ಆದ್ರೂ ಪ್ರತಿ ನವೆಂಬರಿನಲ್ಲಿ ಪಿಂಚಣಿಗೆ ನಾನೇ ಹೋಗಿ ತೋರಿಸಬೇಕು. ನೀವು ಬಾಯಲ್ಲಿ ಹೇಳಿದ್ರೆ ಸಾಲದು, ಕೋಣವೇ ಬರಬೇಕು.”

ಗುರುವಾರ ಹಾಜಬ್ಬನವರು ಟರ್ಬೊನನ್ನು ಪಿಕಪ್ಪಿಗೆ ಹತ್ತಿಸಿ ಹೊರಟರು. ಮೂಡುಬಿದಿರೆಗೆ ನೇರ ದಾರಿ ಇದ್ದರೂ ಸುತ್ತು ಬಳಸಿ ಗುರುವಾಯನಕೆರೆಗೆ ಬಂದರು. ತನ್ನ ಕೋಣಕ್ಕೆ ಹಾರ ಹಾಕಿದವನ ಮುಖವನ್ನು ಒಮ್ಮೆ ನೋಡಬೇಕಿತ್ತು.

ಆ ಹೊತ್ತಿಗೆ ಸರಿಯಾಗಿ ಬಳಗದವರು ಫ್ಲೆಕ್ಸಿನ ಕೆಳಗೇ ನಿಂತು ವಾದಿಸುತ್ತಿದ್ದರು.

“ನೀನು ಒಂದು ವರ್ಷದ ಸುಖಕ್ಕೆ ಹತ್ತು ವರ್ಷ ಮಾರುತ್ತೀಯ!” ಎಂದು ಹನೀಫಾ ಒಂದು ಮೂಸಂಬಿಯನ್ನು ಲತೇಶನ ಮೂಗಿನ ಮುಂದೆ ಆಡಿಸಿದ.

“ಹತ್ತು ವರ್ಷ ನೋಡ್ಲಿಕ್ಕೆ ಬೊಳ್ಳು ಇರಬೇಕಲ್ಲ? ಮೂರು ದಿನ ಆಯ್ತು, ನೀರು ಬಿಟ್ಟು ಏನೂ ಮುಟ್ಟಲಿಲ್ಲ. ನಾವು ವಾದ ಮುಗಿಸುವವರೆಗೆ ತಡಿ ಅಂತ ಅವನಿಗೆ ಹೇಳ್ಲಿಕ್ಕೆ ಆಗ್ತದಾ?”

“ಸರಿಯಾದ ಮಾತು,” ಎಂದ ಶೇಖರ.

ಪಿಕಪ್ ನಿಂತಿತು. ಟರ್ಬೊ ತಲೆ ಎತ್ತಿ, ಎದುರಿಗಿದ್ದ ಸ್ವಂತ ಶ್ರದ್ಧಾಂಜಲಿಯನ್ನು ನೋಡಿದ. ಮೇಲೆ ಹರಿದ ಎಡಕಿವಿ, ಕೆಳಗೆ ಹರಿದ ಎಡಕಿವಿ. ಹನೀಫಾನ ಕೈಯಿಂದ ಮೂಸಂಬಿ ಜಾರಿ ಚರಂಡಿಗೆ ಉರುಳಿತು.

“ಇಲ್ಲಿ ಅಧ್ಯಕ್ಷರು ಯಾರು?” ಹಾಜಬ್ಬನವರು ಇಳಿದರು.

ಶೇಖರ ಒಂದು ಹೆಜ್ಜೆ ಹಿಂದೆ ಸರಿದ. “ಅವರು… ಈಗ ತಾನೇ ಬೆಳ್ತಂಗಡಿಗೆ ಹೋದ್ರು.”

“ಹಾಗಾದ್ರೆ ಆ ಫ್ಲೆಕ್ಸಿನ ಮೂಲೆಯಲ್ಲಿ ಕೈಮುಗಿದ ಫೋಟೋ ಯಾರದ್ದು? ನಿಮ್ಮ ತಮ್ಮನದ್ದಾ?”

ಫ್ಲೆಕ್ಸಿನ ಮೂಲೆಯಲ್ಲಿ ತನ್ನ ಫೋಟೋ ಹಾಕಿಸಿದ್ದು ಶೇಖರನಿಗೆ ಆಗ ನೆನಪಾಯಿತು. ದೇವರು ಮನುಷ್ಯನಿಗೆ ಶಿಕ್ಷೆ ಕೊಡಬೇಕೆಂದರೆ ಹೊರಗೆ ಹುಡುಕುವುದಿಲ್ಲ, ಅವನ ಆಸೆಯನ್ನೇ ದೊಡ್ಡ ಅಳತೆಯಲ್ಲಿ ಮುದ್ರಿಸಿ ಕಟ್ಟಿಸುತ್ತಾನೆ.

“ತಪ್ಪಾಯ್ತು ಹಾಜಬ್ಬಾಕ. ಆದ್ರೆ ಒಂದು ಹೇಳ್ತೇನೆ, ಹೀಗೆ ಆದ್ರೆ ಆಯುಷ್ಯ ಹೆಚ್ಚಾಗ್ತದೆ ಅಂತೆ.”

“ಹಾಗಾದ್ರೆ ನಾಳೆ ನಿಮ್ಮದೊಂದು ಕಟ್ಟಿಸ್ತೇನೆ, ದೊಡ್ಡದು! ನಿಮ್ಮ ಯಜಮಾನರು ಎಲ್ಲಿ? ಅವರಲ್ಲೇ ಕೇಳ್ತೇನೆ. ಹತ್ತಿ ಗಾಡಿ!”

ಶೇಖರನಿಗೆ ಮುಂದೆ ಜಾಗವಿರಲಿಲ್ಲ. ಹಿಂದೆ, ಟರ್ಬೊನ ಪಕ್ಕದಲ್ಲಿ, ಹಗ್ಗ ಹಿಡಿದು ನಿಂತುಕೊಂಡ. ಲತೇಶ್ ಮತ್ತು ಹನೀಫಾ ಆಟೋದಲ್ಲಿ ಹಿಂಬಾಲಿಸಿದರು. ಲಾಯಿಲದವರೆಗೆ ದಾರಿಯ ಉದ್ದಕ್ಕೂ ಜನ ಸತ್ತ ಕೋಣನನ್ನೂ ಅವನ ಜೊತೆ ಹೋಗುತ್ತಿದ್ದ ಅಧ್ಯಕ್ಷನನ್ನೂ ಬಾಯಿ ಬಿಟ್ಟು ನೋಡಿದರು. ಒಬ್ಬ ಮುದುಕಿ ಕೈಮುಗಿದಳು.

ಪದ್ಮಯ್ಯನವರು ಜಗಲಿಯಲ್ಲಿ ಕುಳಿತಿದ್ದರು. ಗಾಡಿಯಿಂದ ಇಳಿದ ಹಾಜಬ್ಬನವರನ್ನು ಕಂಡು ಕಂಬ ಹಿಡಿದು ಎದ್ದರು. ಹಾಜಬ್ಬನವರು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡ ಮಾತುಗಳನ್ನು ಆಡಲು ಬಾಯಿ ತೆರೆದರು. ಅಷ್ಟರಲ್ಲಿ ಮುದುಕರು ಅವರ ಎರಡೂ ಕೈ ಹಿಡಿದುಕೊಂಡರು.

“ಬಂದ್ರಾ ಹಾಜಬ್ಬ. ಬಂಟ್ವಾಳದಿಂದ ನೀವೂ ಬಂದ್ರಲ್ಲ. ಕೂತುಕೊಳ್ಳಿ. ಕುಂಟಾಲನಿಗೆ ನಿಮ್ಮನ್ನು ಕಂಡ್ರೆ ಆಗುತ್ತಿತ್ತು.”

ಸಾವಿನ ಮನೆಯಲ್ಲಿ ಹೀಗೆ ಕೈ ಹಿಡಿದವರ ಜೊತೆ ಜಗಳವಾಡುವ ಕ್ರಮ ಹಾಜಬ್ಬನವರಿಗೆ ಯಾರೂ ಕಲಿಸಿರಲಿಲ್ಲ. ಅವರು ತೆರೆದ ಬಾಯಿಯನ್ನು ಮುಚ್ಚಿ, ಟೊಪ್ಪಿ ಸರಿ ಮಾಡಿಕೊಂಡು ಕುಳಿತರು. ಬೆಲ್ಲ ಮತ್ತು ನೀರು ಬಂತು.

“ಒಳ್ಳೆಯ ಜೀವ,” ಎಂದರು ಕೊನೆಗೆ. “ನನ್ನ ಕೋಣವನ್ನು ನಾಲ್ಕು ಸಲ ಸೋಲಿಸಿದ. ಒಂದು ಸಲವೂ ತಿರುಗಿ ನೋಡಿ ಜಂಭ ಮಾಡ್ಲಿಲ್ಲ.”

ಆಮೇಲೆ ಬೊಳ್ಳುವಿನ ಮಾತು ಬಂತು, ಟರ್ಬೊನ ಮಾತು ಬಂತು, ಮೋಡನ ಮಾತು ಬಂತು. ಲತೇಶ್ ಗಂಟಲು ಸರಿ ಮಾಡಿಕೊಂಡು ಬಳಗದ ಪ್ರಸ್ತಾಪವನ್ನು ಇಟ್ಟ. ಹನೀಫಾ ಅದನ್ನು ವಿರೋಧಿಸಿದ. ಪದ್ಮಯ್ಯನವರು ಆಯಾಸದಿಂದ ಕಣ್ಣು ಮುಚ್ಚಿದರು. “ಮೋಡ ಹೋದ್ರೆ ಹೋಗ್ಲಿ. ಬೊಳ್ಳು ಉಂಡ್ರೆ ಸಾಕು. ಕಟ್ಟಿ ನೋಡುವ.”

ಮನೆಯ ಮುಂದಿನ ಗದ್ದೆಗೆ ಬೊಳ್ಳುವನ್ನು ತಂದರು. ಮೂರು ದಿನದಲ್ಲಿ ಪಕ್ಕೆಲುಬು ಕಾಣುತ್ತಿತ್ತು. ಅವನನ್ನು ನೊಗದ ಎಡಕ್ಕೆ ನಿಲ್ಲಿಸಿ, ಟರ್ಬೊನನ್ನು ಬಲಕ್ಕೆ ತಂದರು. ಟರ್ಬೊ ಬಲಕ್ಕೆ ನಿಲ್ಲಲಿಲ್ಲ. ಸುತ್ತು ಹಾಕಿ ಎಡಕ್ಕೆ ಬಂದು ಬೊಳ್ಳುವನ್ನು ತಳ್ಳಿದ. ಮತ್ತೆ ಬಲಕ್ಕೆ ಎಳೆದರು. ಮತ್ತೆ ಎಡಕ್ಕೆ ಬಂದ. ಈ ಸಲ ನೊಗದ ಜೊತೆಗೆ ಶೇಖರನೂ ಕೆಸರಿಗೆ ಬಿದ್ದ.

“ಎಂಥ ಮಾಡ್ತೀರಿ ನೀವೆಲ್ಲ?” ಹಾಜಬ್ಬನವರು ಗದ್ದೆಯ ಅಂಚಿನಿಂದ ಕೂಗಿದರು. “ಅವ ಎಡಗಡೆಯ ಕೋಣ! ಹುಟ್ಟಿದಾಗಿನಿಂದ ಎಡಗಡೆಯವ! ಬಲಕ್ಕೆ ಕಟ್ಟಿದ ಒಂದೇ ದಿನ ಆ ಚರುಮುರಿ ಅಂಗಡಿಗೆ ಹೋದದ್ದು!”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂರ ಹದಿನಾಲ್ಕು ಮಂದಿ, ಮೂರು ದಿನ, ಸಾವಿರಕ್ಕೆ ಹತ್ತಿರ ಸಂದೇಶ. ಅಜ್ಜಿಯ ವಂಶದವರೆಗೆ ಹೋಗಿದ್ದರು. ಯಾವ ಕಡೆಗೆ ಕಟ್ಟುವ ಕೋಣ ಎಂದು ಒಬ್ಬನೂ ಕೇಳಿರಲಿಲ್ಲ.

“ಅದು… ಕೇಳ್ಲಿಕ್ಕೆ ಬಿಟ್ಟು ಹೋಯ್ತು,” ಎಂದ ಲತೇಶ್.

ಹನೀಫಾ ತಾನು ಗೆದ್ದೆನೆಂದು ನಗಲು ಹೊರಟು, ಪದ್ಮಯ್ಯನವರ ಮುಖ ನೋಡಿ ನಿಲ್ಲಿಸಿದ. ಮುದುಕರು ಗದ್ದೆಯ ಅಂಚಿನಲ್ಲಿ ಕುಳಿತುಬಿಟ್ಟಿದ್ದರು. ಬೊಳ್ಳು ತನ್ನ ಬಲಗಡೆಯ ಖಾಲಿ ಜಾಗದ ಕಡೆಗೆ ಕತ್ತು ತಿರುಗಿಸಿ ನಿಂತಿದ್ದ. ಶೇಖರ ಕೆಸರಿನಲ್ಲಿ ಕುಳಿತೇ ಅದನ್ನು ನೋಡಿದ. ಕನ್ನಡಕಕ್ಕೆಲ್ಲ ಮಣ್ಣು ಮೆತ್ತಿದ್ದರೂ ಅದೊಂದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಹಾಜಬ್ಬನವರು ಮುದುಕರ ಪಕ್ಕದಲ್ಲಿ ಬಂದು ಕುಳಿತು ಕೇಳಿದರು. “ಪದ್ಮಯ್ಯಣ್ಣ, ನಿಮ್ಮ ಮೋಡ ಯಾವ ಕಡೆ?”

“ಅವನನ್ನು ಇನ್ನೂ ಕಟ್ಟಿ ಓಡಿಸಲಿಲ್ಲ. ಕುಂಟಾಲನ ಹಿಂದೆಯೇ ತಿರುಗಿ ಬೆಳೆದವ. ನಡೆಯುವಾಗ ಬಲಗಡೆ ನಡೀತಾನೆ.”

“ಆಯ್ತಲ್ಲ,” ಎಂದರು ಹಾಜಬ್ಬನವರು. ಅವರ ದನಿ ಸ್ವಲ್ಪ ಭಾರವಾಗಿತ್ತು. ಮೋಡನ ಮೇಲೆ ಅವರಿಗೆ ನಿಜವಾಗಿಯೂ ಆಸೆ ಇತ್ತು. “ಇವತ್ತು ಬಲಕ್ಕೆ ಟರ್ಬೊ ನಿಂತಿದ್ರೆ ಮೋಡನನ್ನು ನಾನು ಕರ್ಕೊಂಡು ಹೋಗುತ್ತಿದ್ದೆ. ಅವ ನಿಲ್ಲಲಿಲ್ಲ, ನಿಮ್ಮ ಬೊಳ್ಳು ಇನ್ನೂ ಒಂಟಿಯೇ. ಹೊರಗೆ ತನ್ನಿ ಮೋಡನನ್ನು.”

ಹಿಂದಿನ ಕೊಟ್ಟಿಗೆಯಿಂದ ಮೋಡನನ್ನು ತಂದರು. ಎಳೆಯ ಕೋಣ, ಕೆಸರು ಕಂಡು ಕುಣಿಯುತ್ತಿದ್ದ. ಯಾರೂ ಹೇಳದೆ ಬೊಳ್ಳುವಿನ ಬಲಕ್ಕೆ ಹೋಗಿ ನಿಂತ. ಬೊಳ್ಳು ಅವನ ಕುತ್ತಿಗೆಯನ್ನು ಮೂಸಿದ. ಒಮ್ಮೆ, ಮತ್ತೊಮ್ಮೆ. ನೊಗ ಇಟ್ಟರು. ಇಬ್ಬರೂ ಗದ್ದೆಯ ಆ ತುದಿಗೆ ನಡೆದರು, ಓಡಲಿಲ್ಲ. ತಿರುಗಿ ಬಂದಾಗ ಪದ್ಮಯ್ಯನವರು ಒಂದು ಹಿಡಿ ಹಸಿಹುಲ್ಲನ್ನು ಮುಂದೆ ಹಿಡಿದರು. ಬೊಳ್ಳು ಬಾಯಿ ತೆರೆದ.

“ಉಂಡ,” ಎಂದರು ಪದ್ಮಯ್ಯನವರು. ಅಷ್ಟೇ ಹೇಳಿದರು.

“ಸರಿಯಾದ ಮಾತು,” ಎಂದ ಶೇಖರ ಕೆಸರಿನೊಳಗಿನಿಂದ. ಈ ಸಲ ಅದು ನಿಜವಾಗಿಯೂ ಸರಿಯಾದ ಮಾತಾಗಿತ್ತು.

ಟರ್ಬೊ ಅದೇ ಸಂಜೆ ಮೂಡುಬಿದಿರೆಗೆ ಹೋಗಿ, ಮಾಸ್ತರರ ಮೇಜಿನ ಮುಂದೆ ನಿಂತು, ಮೇಜಿನ ಮೇಲಿದ್ದ ಬಾಳೆಹಣ್ಣನ್ನು ತಿಂದು, ತಾನು ಬದುಕಿರುವುದನ್ನು ಖಚಿತಪಡಿಸಿದ. ಮಾಸ್ತರರು ‘ದಿವಂಗತ’ಕ್ಕೆ ಗೀಟು ಎಳೆದು ಪಕ್ಕದಲ್ಲಿ ರುಜು ಹಾಕಿದರು.

ಮರುವಾರದ ಶನಿವಾರ ಮಧ್ಯಾಹ್ನ ಬೊಳ್ಳು ಮತ್ತು ಮೋಡ ಮೂಡುಬಿದಿರೆಯ ಕರೆಗೆ ಇಳಿದರು. ಹನ್ನೆರಡು ಸೆಕೆಂಡಿನಲ್ಲಿ ಮುಗಿಯುವ ದೂರಕ್ಕೆ ಹತ್ತೊಂಬತ್ತು ಸೆಕೆಂಡು ತೆಗೆದುಕೊಂಡರು. ಮೈಕಿನವರು, ಇವರು ಇನ್ನೂ ಬರುತ್ತಿದ್ದಾರೆ, ದಯವಿಟ್ಟು ಕರೆಗೆ ಯಾರೂ ಇಳಿಯಬೇಡಿ, ಎಂದು ಎರಡು ಸಲ ಹೇಳಿದರು. ಮೊದಲ ಸುತ್ತಿನಲ್ಲೇ ಸೋತರು. ಬಳಗದಲ್ಲಿ ದೋಹಾದಿಂದ ಒಬ್ಬ, “ಕಾರಣ ಏನು?” ಎಂದು ಕೇಳಿದ. ಲತೇಶ್ ಮತ್ತು ಹನೀಫಾ ಜೀವಮಾನದಲ್ಲಿ ಮೊದಲ ಬಾರಿಗೆ ಒಂದೇ ಉತ್ತರ ಬರೆದರು: “ಬೊಳ್ಳು ಬೆಳಿಗ್ಗೆ ಎರಡು ಬುಟ್ಟಿ ಹುರುಳಿ ತಿಂದಿದ್ದ.”

ಮರುದಿನ ಬೊಜ್ಜ. ಹೊಸ ಫ್ಲೆಕ್ಸ್ ಬಂದಿತ್ತು. ಫೋಟೋವನ್ನು ದೀಕ್ಷಿತಾ ನೋಡಿದ್ದಳು, ಕುಸುಮ ನೋಡಿದ್ದಳು, ಪದ್ಮಯ್ಯನವರು ಕಿವಿ ಎಣಿಸಿ ನೋಡಿದ್ದರು. ಮೂಲೆಯಲ್ಲಿ ಅಧ್ಯಕ್ಷರ ಫೋಟೋ ಇರಲಿಲ್ಲ. ಹಾಜಬ್ಬನವರೂ ಖದೀಜಳೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಎಲೆ ಹಾಕುವ ಮೊದಲು ನಾಲ್ಕು ಮಾತಾಡಲು ಶೇಖರನನ್ನು ಕರೆದರು. ಅವನು ಆರು ಪುಟ ಬರೆದು ತಂದಿದ್ದ. ಜೇಬಿಗೆ ಕೈ ಹಾಕಿದ. ಬಂದದ್ದು ಕುಸುಮ ಕೊಟ್ಟ ತರಕಾರಿ ಚೀಟಿ. ಇನ್ನೊಂದು ಜೇಬು ನೋಡಿದ. ಕೊನೆಗೆ ಚೀಟಿಯನ್ನು ಮಡಚಿ ಒಳಗಿಟ್ಟು, ಗದ್ದೆಯ ಅಂಚಿನ ಮಣ್ಣಿನ ದಿಬ್ಬದ ಕಡೆಗೆ ತಿರುಗಿ, ಕೈಮುಗಿದ.

“ದೇವರೇ, ನಮ್ಮ ಕುಂಟಾಲ ನಿನ್ನ ಹತ್ತಿರ ಬಂದು ಹದಿಮೂರು ದಿನ ಆಯ್ತು. ಹನ್ನೊಂದು ವರ್ಷ ಓಡಿದ, ಯಾರನ್ನೂ ಹಾಯಲಿಲ್ಲ, ಯಾರ ಮೇಲೂ ಮುನಿಯಲಿಲ್ಲ. ಅವನಿಗೆ ಶಾಂತಿ ಕೊಡು. ನೆರಳು ಕೊಡು, ಮೈ ತೊಳೆಯುವಷ್ಟು ನೀರು ಕೊಡು. ಅಲ್ಲಿ ಯಾರ ಜೊತೆಗಾದ್ರೂ ನಿಲ್ಲಿಸುವುದಾದ್ರೆ ಬಲಗಡೆ ನಿಲ್ಲಿಸು ಸ್ವಾಮೀ. ಎಡಗಡೆ ಅವನಿಗೆ ಅಭ್ಯಾಸ ಇಲ್ಲ.”